ಒಂದೇ ಸೀಟಿನ ಕಾರು

“ಪಕ್ಕದ ಸೀಟೆಲ್ಲಿ ಮಾಮ?”

ಕಾರಿನೊಳಗೆ ಇಣುಕಿದ ಭಾನು ಮೊದಲು ಕೇಳಿದ್ದೇ ಅದು. ಕನಕರಾಜು ಎಂಜಿನ್ನಿನಿಂದ ತಲೆ ಎತ್ತಲಿಲ್ಲ. ಇಲ್ಲದ ಸೀಟನ್ನು ಎಲ್ಲಿಂದ ತೋರಿಸುವುದು? ಗುಂಡ್ಲುಪೇಟೆಯ ಹೊರಗೆ, ಅರಿಸಿನ ತುಂಬುತ್ತಿದ್ದ ಹಳೇ ಗೋದಾಮಿನಲ್ಲಿ, ಏಳು ವರ್ಷ ತನ್ನದೇ ದುಡ್ಡು ಸುರಿದು, ತನ್ನದೇ ಕೈಯಲ್ಲಿ ಕಟ್ಟಿದ ರೇಸ್ ಕಾರು. ಬೇಕೆಂತಲೇ ಒಂದೇ ಸೀಟು ಇಟ್ಟಿದ್ದ.

ಪಕ್ಕದವರ ಮೇಲಿನ ನಂಬಿಕೆ ಹನ್ನೆರಡು ವರ್ಷದ ಹಿಂದೆಯೇ ಸತ್ತಿತ್ತು, ಭಾನುವಿನ ಅಪ್ಪ ಚಂದ್ರಕುಮಾರನ ಜೊತೆಯಲ್ಲೇ.

ಆಗ ಕನಕರಾಜು ರ‍್ಯಾಲಿಗಳಲ್ಲಿ ಕಾರು ಓಡಿಸುತ್ತಿದ್ದ. ಪಕ್ಕದಲ್ಲಿ ಕೂತು ದಾರಿ ಹೇಳುವವನು ಜೀವದ ಗೆಳೆಯ ಚಂದ್ರಕುಮಾರ್. ಅವನು ಚಾಮರಾಜನಗರದಲ್ಲಿ ಕನ್ನಡ ಮೇಷ್ಟ್ರು. ಮಕ್ಕಳ ‘ಆಲು’, ‘ಊವು’ಗಳನ್ನು ಹಾಲು, ಹೂವು ಮಾಡುವಷ್ಟರಲ್ಲಿ ಅವನ ಆಯುಸ್ಸೇ ಸವೆಯುತ್ತದೆಂದು ಎಲ್ಲರೂ ನಗುತ್ತಿದ್ದರು. ಓಟದ ಹಿಂದಿನ ದಿನ ರಸ್ತೆ ನೋಡುತ್ತ ಕನಕರಾಜು ಬಾಯಲ್ಲಿ ಹೇಳುವುದು, ಮೇಷ್ಟ್ರು ಪುಸ್ತಕದಲ್ಲಿ ಬರೆದುಕೊಳ್ಳುವುದು. ಮರುದಿನ ಮೇಷ್ಟ್ರು ಓದುವುದು, ಕನಕರಾಜು ಕಣ್ಣುಮುಚ್ಚಿ ನಂಬುವುದು. ತಿರುವುಗಳಿಗೆ ಒಂದರಿಂದ ಆರರವರೆಗೆ ನಂಬರು. ಒಂದೆಂದರೆ ಜೀವ ಬಿಗಿಹಿಡಿದು ನಿಧಾನ. ಆರೆಂದರೆ ತೀರಾ ಸಲೀಸು, ಒತ್ತು ಆಕ್ಸಿಲರೇಟರು.

ಆ ದಿನ ಮೇಷ್ಟ್ರು “ಆರು” ಎಂದು ಓದಿದ. ಇವನು ಒತ್ತಿದ. ಅಲ್ಲಿದ್ದುದು ತಿರುವಲ್ಲ, ದಿಬ್ಬ. ಕಾರು ನೆಲ ಬಿಟ್ಟು ಹೋಗಿ ಮರಕ್ಕೆ ಬಡಿಯಿತು. ಪುಸ್ತಕ ತೆರೆದು ನೋಡಿದರೆ ಅಲ್ಲೂ ಅದೇ ನಂಬರು, ಮೇಷ್ಟ್ರದೇ ಕೈಬರಹ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನೇ ಕನಕರಾಜು ಎಲ್ಲರೆದುರು ಹೇಳಿಬಿಟ್ಟ: ಅವನೇ ತಪ್ಪು ಬರೆದ. ಮಾತು ತಾಲ್ಲೂಕೆಲ್ಲ ಸುತ್ತಿತು. ಬರೆಯಲು ಬಾರದ ಮೇಷ್ಟ್ರೆಂದು ನೆಂಟರು ತಿಥಿಯ ಊಟದಲ್ಲೇ ಆಡಿಕೊಂಡರು. ಮೇಷ್ಟ್ರ ಹೆಂಡತಿ ನೀಲಾವತಿ ಬಡಿಸುತ್ತಲೇ ಕೇಳಿಸಿಕೊಂಡಳು. ಸತ್ತವನು ಎದ್ದು ಬಂದು ಅಲ್ಲವೆನ್ನಲಾದೀತೇ?

ಈಗ ಮಗಳು ಬಂದಿದ್ದಳು. ಅವಳೂ ಅಪ್ಪನ ಶಾಲೆಯಲ್ಲೇ ಟೀಚರು. ಕೇಳಲು ಬಂದದ್ದು ಒಂದೇ: ಹೊಸ ಕಾರಿನ ಬದಿಯಲ್ಲಿ ಅಪ್ಪನ ಹೆಸರು ಬರೆಸಬೇಕು. ಅಮ್ಮ ಅದನ್ನು ಕಣ್ಣಾರೆ ನೋಡಬೇಕು. ಹೆಸರು ಕಾರಿನ ಮೇಲೇರಿದರೆ ತಪ್ಪು ಅವನದಲ್ಲವೆಂದು ಊರಿಗೆ ಹೇಳಿದಂತೆಯೇ.

“ಬ್ಯಾಡ ಕಣಮ್ಮಿ,” ಎಂದ ಕನಕರಾಜು. “ಅವನು ಮಾಡಿದ ತಪ್ಪಿಗೆ ಎಲ್ಲಾನೂ ಕಳಕೊಂಡೆ. ಅವನನ್ನೂ ಕಳಕೊಂಡೆ. ಅವನ ಎಸರ ಎಂಗೆ ಬರೀಲಿ ಏಳು?”

ಅವನಿಗೆ ಸಿಟ್ಟೂ ಇತ್ತು, ಅಳುವೂ ಇತ್ತು. ಗೆಳೆಯನಿಗಾಗಿ ಬಾಯಿಬಿಟ್ಟು ಅಳಲೂ ಆ ಸಿಟ್ಟು ಬಿಟ್ಟಿರಲಿಲ್ಲ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲೆನ್ನುವವನ ಹತ್ತಿರ ವಾದವೇನು? ಭಾನು ಕಣ್ಣೊರೆಸಿಕೊಂಡಳು. ಅಪ್ಪ ಇದ್ದಿದ್ದರೆ ಮಾಡುತ್ತಿದ್ದ ಕೆಲಸ ಯಾವುದಾದರೂ ಇದ್ದರೆ ಹೇಳಿ, ಮಾಡಿಕೊಟ್ಟು ಹೋಗುತ್ತೇನೆ ಎಂದಳು. ಇತ್ತು. ಮರುದಿನ ಬೆಳಿಗ್ಗೆ ಭೀಮನಬೀಡಿನ ಹೊಲಗಳ ನಡುವಿನ ಮಣ್ಣುರಸ್ತೆಯಲ್ಲಿ ಕಾರಿನ ಮೊದಲ ಓಟ. ದಾರಿ ಬರೆದ ಚೀಟಿಯನ್ನು ಸ್ಟಿಯರಿಂಗಿನ ಮುಂದೆ ಅಂಟಿಸಿಕೊಳ್ಳಬೇಕು. ಅಪಘಾತದಲ್ಲಿ ಮುರಿದ ಅವನ ಬೆರಳುಗಳಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ.

ಸಂಜೆ ಇಬ್ಬರೂ ಆ ದಾರಿಯುದ್ದಕ್ಕೂ ನಡೆದರು. ಅವನು ಹೇಳುತ್ತ ಹೋದ, ಅವಳು ಬರೆಯುತ್ತ ಹೋದಳು. ಅಪ್ಪನ ಹಾಗೆಯೇ ನಾಲಿಗೆಯ ತುದಿ ಕಚ್ಚಿಕೊಂಡು ಬರೆಯುತ್ತಿದ್ದವಳನ್ನು ನೋಡಲಾರದೆ ಅವನು ರಸ್ತೆಯನ್ನೇ ನೋಡಿದ.

ದಾರಿ ಮುಗಿದ ಮೇಲೆ ಚೀಟಿ ಇಸಿದುಕೊಂಡು ಓದಿದ. ಎಡ ೩. ಬಲ ೨. ೬.

“ಇಲ್ಲೇನಮ್ಮಿ ನಂಬರು ಬರ್ದಿದ್ದೀ? ಅಲ್ಲಿ ತಿರುವು ಎಲ್ಲಿ ಅದೆ? ದಿಬ್ಬ ಅಲ್ವಾ ಅದು, ಗಾಡಿ ನೆಲ ಬುಟ್ಟು ಮ್ಯಾಲಕ್ಕೆ ಓಯ್ತದೆ. ಅದ್ಕೇ ಆರು ಅಂದಿದ್ದು.”

ಭಾನು ಚೀಟಿಯನ್ನು ನೋಡಿದಳು. ಆಮೇಲೆ ಅವನ ಬಾಯನ್ನು ನೋಡಿದಳು.

“ಹಾರು ಅಂದ್ರಾ ಮಾಮ?” ಎಂದಳು ಮೆಲ್ಲಗೆ. “ನನಗೂ ಆರು ಅಂತಲೇ ಕೇಳಿಸಿತು.”