ಬರಿಗೊರಸು

ಪೊಲೀಸ್ ಲಾಯದ ಹನ್ನೆರಡು ಕುದುರೆಗಳ ಲಾಳಗಳನ್ನೂ ಕಿತ್ತು, ಗೊರಸು ಕತ್ತರಿಸಿ, ಲಾಳ ಕಟ್ಟುವವನು ಸುತ್ತಿಗೆ ಕೆಳಗಿಟ್ಟು ಕೂತುಬಿಟ್ಟ. ತಿಂಗಳಿಗೊಮ್ಮೆ ಹಳೆಯದನ್ನು ಕಿತ್ತು ಅಂದೇ ಹೊಸದು ಹೊಡೆಯುವುದು ರೂಢಿ. ಇಂದು ಅರ್ಧ ಕೆಲಸಕ್ಕೇ ಮುಷ್ಕರ.

ನಾಡು ಬಿಟ್ಟು ಹೋಗಿರೆಂದು ಬಿಳಿ ದೊರೆಗಳಿಗೆ ಹೇಳಲು ಜನ ಹೊರಗಿನ ಜಲ್ಲಿ ಬೀದಿಯಲ್ಲಿ ಕೂತು ಮೂರು ದಿನವಾಗಿತ್ತು. ಹತ್ತು ಗಂಟೆಗೆ ಅವರ ಮೇಲೆ ಕುದುರೆ ನುಗ್ಗಿಸಬೇಕೆಂದು ಹುಕುಂ. ರಾಜಿ ಮಾತಿಗೆ ಪೊಲೀಸ್ ದೊರೆ ಸವಾರರ ಮುಂದಾಳು ದಫೇದಾರನನ್ನು ಕಳಿಸಿದ. ದಫೇದಾರ ಲಾಳ ಕಟ್ಟುವವನ ಅಕ್ಕನ ಗಂಡ. ಅಕ್ಕ ಬೀದಿಯಲ್ಲಿ, ಮೊದಲ ಸಾಲಿನಲ್ಲೇ ಕೂತಿದ್ದಳು.

"ಏನಯ್ಯಾ ಇದು? ಎದ್ದು ಮೊಳೆ ಹೊಡಿ."

"ಇವತ್ತು ಕೆಲಸ ಇಲ್ಲ ಭಾವ."

"ಆರು ಕುದುರೆಗಾದ್ರೂ ಹೊಡಿ. ನಿಮ್ಮಕ್ಕನ್ನ ಮೊದಲೇ ಎಬ್ಬಿಸಿ ಮನೆಗೆ ಕಳಿಸ್ತಾರಂತೆ. ದೊರೆ ಮಾತು ಕೊಟ್ಟಿದ್ದಾರೆ."

"ಅವಳ ಪಕ್ಕದಲ್ಲಿ ಕೂತಿರೋರನ್ನ?"

ದಫೇದಾರ ಮೀಸೆ ಸವರಿಕೊಂಡ.

"ಅಕ್ಕನ್ನ ಕೇಳಿದ್ರಾ?"

"ಕೇಳ್ದೆ. ಮುಖ ತಿರುಗಿಸ್ಕೊಂಡ್ಲು. ನೀನಾದ್ರೂ ಹಟ ಬಿಡೋ. ಇಲ್ಲಾಂದ್ರೆ ಜೈಲು."

"ಹೋಗ್ತೀನಿ ಬಿಡಿ."

ಅಷ್ಟರಲ್ಲಿ ಅಂಗಳದಿಂದ ದೊರೆಯ ದನಿ ಕೇಳಿಸಿತು. "ಲಾಳ ಇಲ್ಲದಿದ್ದರೆ ಹಾಗೇ ಹೊರಡಿ!"

ಇದನ್ನು ಲಾಳ ಕಟ್ಟುವವನು ಎಣಿಸಿರಲಿಲ್ಲ. ಈಗಷ್ಟೇ ಕತ್ತರಿಸಿದ ಗೊರಸು, ಹೊರಗೆ ಮೊನಚು ಜಲ್ಲಿ. ಹನ್ನೊಂದು ವರ್ಷ ತೊಡೆಯ ಮೇಲಿಟ್ಟುಕೊಂಡು ನೋಡಿಕೊಂಡ ಕಾಲುಗಳು. ಕೈ ತಾನಾಗಿ ಸುತ್ತಿಗೆಯತ್ತ ಹೋಯಿತು. ಅಕ್ಕನ ನೆನಪಾಗಿ ಹಿಂದಕ್ಕೆ ಬಂತು. ಅವನಿಗೆ ಅಳು ತಡೆಯಲಾಗಲಿಲ್ಲ.

ದಫೇದಾರ ಎಲ್ಲರಿಗಿಂತ ಮುಂದಾಗಿ ತನ್ನ ಬೂದು ಕುದುರೆ ಹತ್ತಿ ಹೆಬ್ಬಾಗಿಲು ದಾಟಿದ. ಇವನು ಹಿಂದೆಯೇ ಓಡಿದ. ಜಲ್ಲಿಯ ಮೇಲೆ ಎರಡು ಹೆಜ್ಜೆ ಇಟ್ಟ ಕುದುರೆ ಒಂದು ಮುಂಗಾಲೆತ್ತಿಕೊಂಡು ನಿಂತುಬಿಟ್ಟಿತು. ಚಾಟಿ ಬಿತ್ತು. ಮತ್ತೆ ಬಿತ್ತು. ಮೈಯೆಲ್ಲ ನಡುಗಿತೇ ಹೊರತು ಕುದುರೆ ಕದಲಲಿಲ್ಲ. ಹತ್ತು ಮಾರು ಆಚೆ ಅಕ್ಕ ಕಣ್ಣು ಮಿಟುಕಿಸದೆ ಗಂಡನನ್ನೇ ನೋಡುತ್ತಿದ್ದಳು.

"ಇಳಿದು ಲಾಠಿ ಹಿಡಿದು ನಡೀರಿ!" ದೊರೆ ಹಿಂದಿನಿಂದ ಕಿರುಚಿದ.

ದಫೇದಾರ ಇಳಿದ. ಲಾಳ ಕಟ್ಟುವವನು ಬಂದು ಕುದುರೆಯ ಲಗಾಮು ಹಿಡಿದುಕೊಂಡ. ಕಣ್ಣೊರೆಸಿಕೊಂಡು ಭಾವನ ಬೂಟುಗಳನ್ನು ನೋಡಿದ.

"ಕುದುರೆ ಆಗಲ್ಲ ಅಂತು. ನಿಮ್ಮ ಬೂಟಿಗೆ ಲಾಳ ಇದೆ, ನೀವು ಹೋಗ್ತೀರಾ ಭಾವ?"