ಇಪ್ಪತ್ತೆರಡು ಕಿರೀಟ

"ಅಮ್ಮ ಮಲಗಿದಾಳೆ. ಈ ಸಲ ಕಿರೀಟ ನಾನೇ ಕಟ್ಕೋತೀನಿ," ಎಂದು ಕ್ವಿರಿನ್ ಬಾಗಿಲಿಗೆ ಅಡ್ಡ ನಿಂತ.

ಗುರುವಾರ ಬೆಳಿಗ್ಗೆಯೇ ಹೂಬುಟ್ಟಿ ಹಿಡಿದು ಬಂದಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಬೇಸಿಗೆಯೆಲ್ಲ ಮೇದ ಹಿಂಡು ಬೆಟ್ಟದಿಂದ ಇಳಿಯುವ ಮುನ್ನ ಊರ ಹೆಂಗಸರೆಲ್ಲ ಸೇರಿ ಹಸುಗಳ ತಲೆಗೆ ಹೂವಿನ ಕಿರೀಟ ಕಟ್ಟುವುದು ಅವನ ತಾಯಿ ರೋಸಿನಜ್ಜಿಯ ಅಡುಗೆಮನೆಯಲ್ಲೇ. ನಲವತ್ತು ವರ್ಷದಿಂದ ತಪ್ಪಿದ್ದಿಲ್ಲ.

"ಯಾವ ಹಸು ಸತ್ತಿತಪ್ಪಾ?" ಅವರಲ್ಲೊಬ್ಬಳಾದ ಅಫ್ರಾ ನೇರವಾಗಿಯೇ ಕೇಳಿದಳು.

"ಒಂದೂ ಇಲ್ಲ. ಬೇಕಾದ್ರೆ ಶನಿವಾರ ನೀನೇ ಎಣಿಸ್ಕೊ ಅಕ್ಕ."

ಅಫ್ರಾ ನಂಬಲಿಲ್ಲ. ಹಿಂಡಿನಲ್ಲಾಗಲಿ ಮನೆಯಲ್ಲಾಗಲಿ ಸಾವಾದರೆ ಆ ವರ್ಷ ಹಸುಗಳಿಗೆ ಹೂವಿಲ್ಲ, ಬೋಳುತಲೆಯಲ್ಲೇ ಇಳಿಯಬೇಕು. ಎರಡು ವರ್ಷದ ಹಿಂದೆ ಅವಳದೊಂದು ಕಡಸು ಕಮರಿಗೆ ಬಿದ್ದಾಗ ಅವಳು ಹಾಗೇ ಇಳಿಸಿದ್ದಳು. ಹೂ ಮುಡಿದ ಹಸು ನೋಡಲೆಂದೇ ಬಂದ ಪ್ರವಾಸಿಗರು ಮುಖ ಸಿಂಡರಿಸಿ ಹೋದರು. ಮರುವರ್ಷ ಅವಳ ಅತಿಥಿಗೃಹದ ಹನ್ನೊಂದು ಕೋಣೆಯೂ ಖಾಲಿ. ಕೊನೆಗೆ ಹಸುಗಳನ್ನೇ ಮಾರಿದಳು. ಈಗ ಊರಿಗೆ ಉಳಿದದ್ದು ಕ್ವಿರಿನನ ಹಿಂಡೊಂದೇ. ಅವನು ಕಳ್ಳಾಟವಾಡಿ ಹೂ ಮುಡಿಸಿದರೆ ತಾನು ಪಟ್ಟ ಪಾಡಿಗೆ ಏನು ಬೆಲೆ?

ಎರಡು ದಿನ ಆ ಮನೆಯ ಮೇಲೇ ಕಣ್ಣಿಟ್ಟಳು. ಶಿಖರಗಳ ಮೇಲೆ ಹೊಸ ಹಿಮ ಬಿದ್ದಿತ್ತು. ಆದರೂ ಅಲ್ಲಿ ಕಿಟಕಿಗಳು ಹಾರುಹೊಡೆದಿದ್ದವು, ಹೊಗೆಗೂಡಿನಲ್ಲಿ ಹೊಗೆಯಿರಲಿಲ್ಲ. ಒಲೆ ಹಚ್ಚಲೂ ಪುರುಸೊತ್ತಿಲ್ಲದೆ ಸತ್ತದ್ದರ ಬದಲಿಗೆ ಎರವಲು ಹಸು ಹುಡುಕುತ್ತಿದ್ದಾನೆ, ಕಳ್ಳ!

ಶನಿವಾರ ಗಂಟೆಗಳ ಸದ್ದು ಕೇಳಿತು. ಮೂರು ಬಸ್ಸಿನ ಜನ ರಸ್ತೆಯ ಎರಡೂ ಬದಿ ನಿಂತಿದ್ದರು. ಅಫ್ರಾ ತಿರುವಿನಲ್ಲಿ ನಿಂತು ಒಂದೊಂದನ್ನೂ ಹೆಸರು ಹಿಡಿದು ಎಣಿಸಿದಳು. ಇಪ್ಪತ್ತೆರಡು. ಒಂದೂ ಕಮ್ಮಿಯಿಲ್ಲ, ಎಲ್ಲವೂ ಅವನವೇ. ಎಲ್ಲದರ ತಲೆಯಲ್ಲೂ ಹೂ.

ನನ್ನ ಬಾಯಿಗಿಷ್ಟು ಮಣ್ಣು ಹಾಕ, ಎಂದುಕೊಂಡಳು.

ರೋಸಿನಜ್ಜಿ ಪ್ರತಿವರ್ಷದಂತೆ ಹಬ್ಬದ ಟೋಪಿ ಹಾಕಿ ಕಿಟಕಿಯಲ್ಲಿ ಕೂತಿದ್ದಳು. ಜನ ಅವಳ ಫೋಟೋ ತೆಗೆಯುತ್ತಿದ್ದರು. ಅಫ್ರಾ ಒಳಗೆ ಹೋಗಿ, "ತಪ್ಪಾಯ್ತು ಅಜ್ಜಿ, ನಿನ್ನ ಮಗನ್ನ ಸುಮ್ಸುಮ್ನೆ ಅನುಮಾನಿಸ್ದೆ," ಎಂದು ಕೈ ಹಿಡಿದಳು.

ಕೈ ಮಂಜುಗಡ್ಡೆಯಾಗಿತ್ತು.

"ಬುಧವಾರವೇ ಹೋದ್ಲು," ಹಸುಗಳನ್ನು ಕೊಟ್ಟಿಗೆಗೆ ಬಿಟ್ಟು ಬಂದ ಕ್ವಿರಿನ್ ಬಾಗಿಲಲ್ಲೇ ನಿಂತು ಅಳುತ್ತಿದ್ದ. "ಸಾಯೋ ಮುಂಚೆ, ಅತಿಥಿಗಳು ಹೋಗೋ ತನಕ ನನ್ನ ಕಿಟಕೀಲಿ ಕೂರಿಸು ಅಂದ್ಲು. ಅಫ್ರಾ ಮನೆ ಇನ್ನೊಂದ್ಸಲ ಖಾಲಿ ಬೀಳಬಾರ್ದು ಅಂದ್ಲು."

ಹೊರಗೆ ಯಾರೋ ಅಜ್ಜಿಯತ್ತ ಕೈ ಬೀಸಿದರು. ಅಫ್ರಾ ಬಗ್ಗಿ ಪರದೆಯ ಮರೆಗೆ ಸರಿದು, ಆ ತಣ್ಣನೆಯ ಕೈಯನ್ನು ಮೆಲ್ಲಗೆ ಎತ್ತಿ, ಅವರತ್ತ ಬೀಸಿದಳು.