ಸುರ್ತಿಯ ಉಪವಾಸ

ಕೋಳಿಮರಿಯನ್ನು ಬು ಮರ್ಫುವಾ ತನ್ನ ಗೂಡಿನಿಂದಲೇ ಹಿಡಿದು ತಂದಿದ್ದಳು. ಹೆಂಗಸರಿಗೆ ಬು, ಗಂಡಸರಿಗೆ ಪಾಕ್ ಎನ್ನುವುದು ಆ ಊರಿನ ಮರ್ಯಾದೆ. ಗಲ್ಲಿಯ ಮುಖಂಡರಾದ ಪಾಕ್ ಸುಲ್ಕಾನ್ ಅದನ್ನು ಅಂಗೈಯಲ್ಲಿಟ್ಟು, ಅತ್ತಿತ್ತ ತಿರುಗಿಸಿ ನೋಡಿ, ಜೀವ ಇದೆಯೆಂದು ಎಲ್ಲರೆದುರು ಸಾರಿದರು. ಮರಿಯೂ ಚಿಂವ್‌ಗುಟ್ಟಿ ಒಪ್ಪಿಕೊಂಡಿತು.

"ಇನ್ನೊಂದ್ಸಲ ಹೇಳ್ಬಿಡ್ತೀನಿ, ಪಾಕ್ ದರ್ಸೋನೊ. ಮರೀನ ಹಾವಿನ ಪೆಟ್ಟಿಗೆಗೆ ಬಿಡ್ತೀವಿ. ನನ್ನ ಈ ಕಾಫಿ ಮುಗಿಯೋವರೆಗೂ ಮರಿ ಬದುಕಿದ್ರೆ ಹಾವು ಇಲ್ಲೇ ಇರ್ಲಿ. ಇಲ್ಲಾಂದ್ರೆ ಅದು ಇವತ್ತೇ ಗಲ್ಲಿ ಬಿಡ್ಬೇಕು," ಎಂದರು ಮುಖಂಡರು.

"ಆಗ್ಲಿ ಪಾಕ್. ಜೀವ ಇರೋದನ್ನೂ ತಿಂತಾರೆ ಅನ್ನೋದೇ ನಮ್ಮ ಸುರ್ತಿಗೆ ಮರೆತುಹೋಗಿದೆ," ಎಂದ ದರ್ಸೋನೊ. ಬೈಕಿನ ಸೀಟು ಹೊಲಿಯುವ ಅಂಗಡಿ ಅವನದು. ಹೆಂಡತಿ ಮಕ್ಕಳಿಲ್ಲ. ಸ್ಪಂಜಿನ ರಾಶಿಯ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಸುರ್ತಿ ಎಂಬ ಈ ಹೆಬ್ಬಾವು, ಅಷ್ಟೇ ಅವನ ಸಂಸಾರ.

"ಹಾಗಾದ್ರೆ ಹೋದ ವಾರ ನನ್ನ ಮೂರು ಮರಿ ಎಲ್ಲಿ ಹೋದ್ವು? ಹಜ್ ಯಾತ್ರೆಗಾ?" ಎಂದಳು ಬು ಮರ್ಫುವಾ. ಗಲ್ಲಿಯ ತುದಿಯಲ್ಲಿ ಅನ್ನದಂಗಡಿ ಇಟ್ಟಿರುವ ಹೆಂಗಸು. ಬೈಯುತ್ತಲೇ ಬಡಿಸುತ್ತಾಳೆ, ಬಡಿಸುತ್ತಲೇ ಬೈಯುತ್ತಾಳೆ.

ದರ್ಸೋನೊ ಸುಳ್ಳು ಹೇಳಿರಲಿಲ್ಲ. ಸುರ್ತಿಯ ಹಿಂದಿನ ಯಜಮಾನ ಜೀವಂತ ಇಲಿ ಹಾಕಿದ್ದಾಗ ಇಲಿಯೇ ತಿರುಗಿ ಅವಳ ಮೂತಿ ಕಚ್ಚಿತ್ತು. ಆ ಗಾಯದ ಗುರುತು ಕಂಡ ದಿನದಿಂದ ದರ್ಸೋನೊ ಕೊಡುವುದು ಸತ್ತ ಇಲಿಯನ್ನೇ. ಫ್ರಿಜ್ಜಿನಿಂದ ಕಲ್ಲಿನಂಥ ಬಿಳಿ ಇಲಿ ತೆಗೆದು, ಬಿಸಿನೀರಿನಲ್ಲಿ ಮೆತ್ತಗಾಗಿಸಿ, ಹೇರ್ ಡ್ರೈಯರ್ ಹಿಡಿದು ಮೈ ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು ಅವಳೆದುರು ಓಡಾಡಿಸುತ್ತಿದ್ದ. ಜೀವ ಇರುವುದನ್ನು ಕೊಡುವುದಿಲ್ಲ ಎಂದು ಗಲ್ಲಿಯವರಿಗೆ ಮಾತನ್ನೂ ಕೊಟ್ಟಿದ್ದ. ಆದರೆ ಒಂದು ಸಂಗತಿ ಗಲ್ಲಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಎರಡು ತಿಂಗಳಿಂದ ಸುರ್ತಿ ಏನನ್ನೂ ಮುಟ್ಟಿರಲಿಲ್ಲ. ಇಲಿ ಎಷ್ಟು ಕುಣಿದರೂ ಅವಳು ಮುಖ ತಿರುಗಿಸಿ ಮಲಗುತ್ತಿದ್ದಳು. ಬೆನ್ನುಮೂಳೆ ಎದ್ದು ಕಾಣುತ್ತಿತ್ತು. ಒಂದ್ಸಲ ಜೀವ ಇರೋದು ಕೊಟ್ಟು ನೋಡು ಎಂದು ಹಾವು ಸಾಕುವ ಗೆಳೆಯರೆಲ್ಲ ಹೇಳಿದ್ದರು. ಮಾತಿಗೆ ಕಟ್ಟುಬಿದ್ದು ಅವನು ಇಲಿ ಕುಣಿಸುತ್ತಲೇ ಇದ್ದ. ಅವನಿಗೂ ಊಟ ಸೇರುತ್ತಿರಲಿಲ್ಲ.

ಮರಿಯನ್ನು ಒಳಗೆ ಬಿಟ್ಟರು. ಅದು ಸುರ್ತಿಯ ಬೆನ್ನು ಹತ್ತಿ ಇಳಿಯಿತು, ನೀರಿನ ಬಟ್ಟಲಲ್ಲಿ ಕಾಲು ತೊಳೆದುಕೊಂಡಿತು. ಪಾಕ್ ಸುಲ್ಕಾನ್ ಕಾಫಿ ಗುಟುಕರಿಸಿದರು. ಸುರ್ತಿ ತಿನ್ನದಿರಲಿ ಎಂದು ದರ್ಸೋನೊ ದೇವರನ್ನು ಬೇಡಿಕೊಂಡದ್ದು ಎರಡು ತಿಂಗಳಲ್ಲಿ ಅದೇ ಮೊದಲು. ಮರಿ ಅವಳ ಬಾಲವನ್ನು ಕುಕ್ಕಿತು. ಸುರ್ತಿ ತಲೆ ಎತ್ತಿದಳು.

"ಬೇಡ ಕಣೇ," ಎಂದ ದರ್ಸೋನೊ, ಬಾಯೊಳಗೇ.

ಆಮೇಲಿನದು ಯಾರ ಕಣ್ಣಿಗೂ ಸರಿಯಾಗಿ ಬೀಳಲಿಲ್ಲ. ನೋಡುವಷ್ಟರಲ್ಲಿ ಸುರ್ತಿ ಗಂಟಾಗಿದ್ದಳು, ಗಂಟಿನೊಳಗೆ ಮರಿ ಇತ್ತು.

"ಹಿಡಿದ್ಲು!" ದರ್ಸೋನೊ ಎದ್ದು ಕುಣಿದುಬಿಟ್ಟ. ಮರಿ ಅವಳ ಬಾಯಿಗೆ ಇಳಿಯುತ್ತಿದ್ದಂತೆ ಪಾಕ್ ಸುಲ್ಕಾನರ ಭುಜ ಹಿಡಿದು ಅಲುಗಾಡಿಸಿದ. "ತಿಂದ್ಲು ಪಾಕ್! ದೇವರು ದೊಡ್ಡೋನು, ತಿಂದ್ಲು!" ಉಳಿದಿದ್ದ ಕಾಫಿ ಮುಖಂಡರ ಅಂಗಿಯ ಮೇಲೆ ಮುಗಿಯಿತು. ಬು ಮರ್ಫುವಾಳ ಮುಖ ನೋಡಿದ ಮೇಲೆಯೇ ಅವನಿಗೆ ತಾನು ಸೋತದ್ದು ಹೊಳೆದದ್ದು. ಆದರೂ ಮುಖದ ಮೇಲಿನ ನಗು ಹೋಗಲೊಲ್ಲದು.

"ಪೆಟ್ಟಿಗೆ ಎತ್ತಿ," ಎಂದರು ಪಾಕ್ ಸುಲ್ಕಾನ್, ಅಂಗಿ ಒರೆಸಿಕೊಳ್ಳುತ್ತ.

"ಈಗ ಆಗಲ್ಲ ಪಾಕ್. ಉಂಡ ಮೇಲೆ ಮೂರು ದಿನ ಅವಳನ್ನ ಕದಲಿಸಬಾರದು. ಕದಲಿಸಿದ್ರೆ ಎಲ್ಲಾ ಕಕ್ಕಿಬಿಡ್ತಾಳೆ. ಎರಡು ತಿಂಗಳು ಒಂದು ತುತ್ತೂ ಇಳಿದಿರ್ಲಿಲ್ಲ ಪಾಕ್, ಒಂದು ತುತ್ತೂ..." ಅವನು ಪೆಟ್ಟಿಗೆಗೆ ಅಡ್ಡ ನಿಂತ.

"ಎರಡು ತಿಂಗಳಾ?" ಎಂದಳು ಬು ಮರ್ಫುವಾ. ಬಗ್ಗಿ ಸುರ್ತಿಯ ಎದ್ದ ಬೆನ್ನುಮೂಳೆ ನೋಡಿದಳು.

ಹಾಗಾದರೆ ಹೋದ ವಾರದ ಮರಿಗಳನ್ನು ತಿಂದವರು ಯಾರು ಎಂದು ಯಾರೂ ಕೇಳಲಿಲ್ಲ. ಮಾತೆಂದರೆ ಮಾತು. ಪಾಕ್ ಸುಲ್ಕಾನ್ ಒಂದಷ್ಟು ಹೊತ್ತು ಗಡ್ಡ ಕೆರೆದುಕೊಂಡರು. "ಸರಿ, ಉಂಡೋರನ್ನ ಎಬ್ಬಿಸಿ ಕಳ್ಸೋದು ಬೇಡ. ಗುರುವಾರ ಬೆಳಿಗ್ಗೆ ಬರ್ತೀನಿ. ಆಗ ನೆಪ ಹೇಳಬಾರದು."

ಗುರುವಾರ ಬೆಳಿಗ್ಗೆ ದರ್ಸೋನೊ ನಮಾಜು ಮುಗಿಸಿ ಬರುವಷ್ಟರಲ್ಲಿ ಮುಖಂಡರು ಅಂಗಡಿಯ ಮುಂದಿದ್ದರು. ಹೊಳೆಯಾಚೆಯ ಗೆಳೆಯನೊಬ್ಬ ಸುರ್ತಿಯನ್ನು ಇಟ್ಟುಕೊಳ್ಳಲು ಒಪ್ಪಿದ್ದ. ಬಟ್ಟೆಯ ಚೀಲ ಸಿದ್ಧವಿತ್ತು. ದರ್ಸೋನೊನ ಕಣ್ಣು ಕೆಂಪಗಿತ್ತು. ಅವನು ಮುಚ್ಚಳ ತೆಗೆದು ಕೈ ಹಾಕಿದವನು ಹಾಗೆಯೇ ನಿಂತ. ಸುರ್ತಿಯ ಹೊಟ್ಟೆಯ ಮೇಲೆ ಹೊಸ ಉಬ್ಬು ಎದ್ದಿತ್ತು.

"ಇದೇನ್ರೀ ಆಟ?" ಪಾಕ್ ಸುಲ್ಕಾನ್ ರೇಗಿದರು. "ಅಂದ್ರೆ ಮತ್ತೆ ಮೂರು ದಿನಾನಾ?"

"ನಾನಲ್ಲ ಪಾಕ್, ಅಲ್ಲಾನ ಆಣೆ! ನಾನು ಮಸೀದೀಲಿದ್ದೆ."

ಇಬ್ಬರೂ ಬಾಗಿಲ ಕಡೆ ತಿರುಗಿದರು. ಬು ಮರ್ಫುವಾ ನಿಂತಿದ್ದಳು, ತಲೆವಸ್ತ್ರಕ್ಕೆ ಒಂದು ಹಳದಿ ಪುಕ್ಕ ಅಂಟಿತ್ತು.

"ಏನು ನೋಡ್ತೀರಿ?" ಎಂದು ಅವಳೇ ಗದರಿದಳು. "ಮನೆ ಬಿಟ್ಟು ಹೊರಟಿರೋ ಹೆಣ್ಣನ್ನ ಖಾಲಿ ಹೊಟ್ಟೇಲಿ ಕಳಿಸ್ತಾರೇನ್ರೀ ಯಾರಾದ್ರೂ?"